ಫಿಲ್ಟರ್ ಬೇರೆ, ವಾಟರ್ ಸಪರೇಟರ್ ಬೇರೆ: ನಮ್ಮ ಶೆಡ್ಡಿನಲ್ಲಿ ಹೋಲಿಸಿ ನೋಡಿದ್ದು

ಡೀಸೆಲ್ ಫಿಲ್ಟರ್ ತರಲು ಹೋದರೆ ಅಂಗಡಿಯವರು ಮೊದಲು ತೋರಿಸುವುದು ಡಬ್ಬದ ಮೇಲಿನ ಮೈಕ್ರಾನ್ ನಂಬರ್, ಅಂದರೆ ಎಷ್ಟು ಸಣ್ಣ ಕಣವನ್ನು ತಡೆಯುತ್ತದೆ ಅನ್ನುವ ಅಳತೆ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). "ಇದು 10 ಸಾರ್, ಇದು 5, ಇದು ಸಿಕ್ಕಾಪಟ್ಟೆ ಫೈನ್, 2." ನಂಬರ್ ಚಿಕ್ಕದಾದಷ್ಟೂ ಒಳ್ಳೆಯದು ಅಂತ ನಾವೂ ತಲೆಯಾಡಿಸುತ್ತೇವೆ. ಆದರೆ ಮಲೆನಾಡಿನಲ್ಲಿ ಬ್ಯಾರಲ್ಲಿನಲ್ಲಿ ಡೀಸೆಲ್ ಇಟ್ಟುಕೊಂಡು ಟ್ರ್ಯಾಕ್ಟರ್, ಟಿಲ್ಲರ್ ಓಡಿಸುವವರಿಗೆ ಕಾಟ ಕೊಡುವುದು ಧೂಳಿಗಿಂತ ಜಾಸ್ತಿ ನೀರು. ನೀರಿನ ಬಗ್ಗೆ ಆ ನಂಬರ್ ಒಂದಕ್ಷರವನ್ನೂ ಹೇಳುವುದಿಲ್ಲ.

ನೀರು ಎಲ್ಲಿಂದ ಬರುತ್ತದೆ? ಎಲ್ಲರೂ ಬಂಕಿನವರನ್ನೇ ಬೈಯುತ್ತಾರೆ. ಒಳ್ಳೆಯ ಡೀಸೆಲ್‌ನಲ್ಲೂ ಸ್ವಲ್ಪ ನೀರು ಇದ್ದೇ ಇರುತ್ತದೆ, ಬಿಎಸ್ 6 ನಿಯಮದಲ್ಲೇ ಒಂದು ಕೆ.ಜಿ.ಗೆ 200 ಮಿಲಿಗ್ರಾಂ ತನಕ ಒಪ್ಪಿಗೆ ಇದೆ. 200 ಲೀಟರಿನ ಬ್ಯಾರಲ್ಲಿಗೆ ಲೆಕ್ಕ ಹಾಕಿ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ, ಅಂದರೆ 166 ಕೆ.ಜಿ., ಅದರಲ್ಲಿ ನೀರು ಹೆಚ್ಚೆಂದರೆ 33 ಮಿಲಿ. ಅಷ್ಟೇ. ಉಳಿದದ್ದನ್ನು ಸೇರಿಸುವವರು ನಾವೇ. ಬ್ಯಾರಲ್ ನೆಟ್ಟಗೆ ನಿಲ್ಲಿಸಿ ಮಳೆಗೆ ಬಿಟ್ಟರೆ ಮೇಲಿನ ಅಂಚಿನೊಳಗೆ ನೀರು ಕಟ್ಟಿ ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ತಣ್ಣಗಾದಾಗ ಮುಚ್ಚಳದ ತಿರುಪಿನ ಸಂದಿಯಿಂದ ಗಾಳಿಯ ಜೊತೆ ಆ ನೀರನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅರ್ಧ ಖಾಲಿ ಬ್ಯಾರಲ್ ಆದರೆ ಒಳಗೋಡೆಯಲ್ಲಿ ಬೆವರಿದ ನೀರು ಬೇರೆ. ಶೆಡ್ಡಿನೊಳಗೆ ಇಡಿ. ಆಗದಿದ್ದರೆ ಅಡ್ಡ ಮಲಗಿಸಿ, ಎರಡೂ ಮುಚ್ಚಳ ಡೀಸೆಲ್ ಮಟ್ಟಕ್ಕಿಂತ ಕೆಳಗೆ ಬರುವ ಹಾಗೆ.

ಈಗ ಹೋಲಿಕೆಗೆ ಬರೋಣ. ನನ್ನ ಹತ್ತಿರ ಇದ್ದದ್ದು: ಹಳೆ ಟ್ರ್ಯಾಕ್ಟರಿನ ಗಾಜಿನ ಬೌಲ್ (ಒಳಗೊಂದು ಜಾಲರಿ, ಅಷ್ಟೇ), ಅದೇ ಟ್ರ್ಯಾಕ್ಟರಿನ ಮಾಮೂಲಿ ಪೇಪರ್ ಎಲಿಮೆಂಟ್ (ಫಿಲ್ಟರಿನೊಳಗಿನ ಸೋಸುವ ಮಡಿಕೆ ಪೇಪರ್), ಡೀಸೆಲಿನಿಂದ ನೀರನ್ನು ಬೇರೆ ಮಾಡುವ, ಕೆಳಗೆ ಪಾರದರ್ಶಕ ಬೌಲ್ ಇರುವ ಹೊಸ ವಾಟರ್ ಸಪರೇಟರ್, ಮತ್ತೆ ಆನ್‌ಲೈನ್‌ನಲ್ಲಿ ಸಿಗುವ, ನೀರನ್ನು ಬಿಡದ ಜಾಲರಿಯ ಲಾಳಿಕೆ. ಡೀಸೆಲ್ ಕ್ಯಾನನ್ನು ಅಟ್ಟದ ಮೇಲಿಟ್ಟು ಪೈಪ್ ಇಳಿಬಿಟ್ಟು, ಫಿಲ್ಟರ್ ಹೆಡ್ಡನ್ನು ವೈಸಿಗೆ ಕಚ್ಚಿಸಿ, ಕೆಳಗೆ ಗಾಜಿನ ಬಾಟಲಿ ಹಿಡಿದರೆ ಪ್ರಯೋಗಶಾಲೆ ರೆಡಿ.

ಲೀಟರ್ ಡೀಸೆಲಿಗೆ 10 ಮಿಲಿ ನೀರು. ಫಿಲ್ಟರ್ ದಾಟಿ ಬಾಟಲಿಗೆ ನೀರು ಬಿತ್ತಾ ಇಲ್ವಾ ಅಂತ ನೋಡಲು ಕೇಸರಿಬಾತಿಗೆ ಹಾಕುವ ಬಣ್ಣದ ಪುಡಿ ಸಾಕು. ಅದು ನೀರಿನಲ್ಲಿ ಕರಗುತ್ತದೆ, ಡೀಸೆಲ್‌ನಲ್ಲಿ ಕರಗುವುದಿಲ್ಲ. ಬಾಟಲಿಗೆ ಚಿಟಿಕೆ ಉದುರಿಸಿ ಬಿಟ್ಟರೆ, ನೀರಿಲ್ಲದಿದ್ದರೆ ಪುಡಿ ಪುಡಿಯಾಗಿಯೇ ತಳದಲ್ಲಿ ಕೂರುತ್ತದೆ. ಒಂದೆರಡು ಹನಿ ಇದ್ದರೂ ತಳದಲ್ಲಿ ಕಿತ್ತಳೆ ಬಣ್ಣದ ಗುಂಡುಗಳು ಓಡಾಡುವುದು ಕಾಣುತ್ತದೆ. ಡೀಸೆಲ್‌ನಲ್ಲಿ ಮಂಜಿನ ಹಾಗೆ ತೇಲುವ ತೀರಾ ಸಣ್ಣ ನೀರಹನಿಗಳಿಗೆ ಇನ್ನೊಂದು ಉಪಾಯ, ಬಾಟಲಿಯ ಹಿಂದೆ ದಿನಪತ್ರಿಕೆ ಹಿಡಿಯುವುದು. ಸಣ್ಣ ಅಕ್ಷರ ಓದಲು ಬಂದರೆ ಪಾಸ್, ಕಲಸಿದ ಹಾಗೆ ಕಂಡರೆ ನೀರು ಇನ್ನೂ ಇದೆ. (ಯೂಟ್ಯೂಬ್‌ನಲ್ಲಿ ನೀರು, ಡೀಸೆಲ್ ಎರಡನ್ನೂ ಮಿಕ್ಸಿಗೆ ಹಾಕಿ ತಿರುಗಿಸುವವರಿದ್ದಾರೆ. ಮಾಡಬೇಡಿ. ಮಿಕ್ಸಿ ಮೋಟರಿನಲ್ಲಿ ಕಿಡಿ ಹಾರುತ್ತದೆ, ಡೀಸೆಲ್ ಮಂಜಾಗಿ ಏಳುತ್ತದೆ. ಬಾಟಲಿಯಲ್ಲಿ ಹಾಕಿ ಜೋರಾಗಿ ಕುಲುಕಿದರೆ ಸಾಕು.)

ಸುಮ್ನೆ ಸುರಿದ ನೀರನ್ನು ಎಲ್ಲವೂ ಹಿಡಿದವು. ಗಾಜಿನ ಬೌಲ್ ಕೂಡ. ನೀರು ಭಾರ, ಕೆಳಗೆ ಕೂರುತ್ತದೆ, ಅದರಲ್ಲಿ ಫಿಲ್ಟರಿನ ಸಾಧನೆ ಏನೂ ಇಲ್ಲ. ಕುಲುಕಿ ಹಾಲಿನಂತಾದ ಡೀಸೆಲ್ ಬಿಟ್ಟಾಗಲೇ ಒಂದೊಂದರ ಬಣ್ಣ ಬಯಲಾಗಿದ್ದು. ಗಾಜಿನ ಬೌಲಿನಿಂದ ಹಾಲು ಹಾಲಾಗಿಯೇ ಹೊರಗೆ ಬಂತು. ಲಾಳಿಕೆ ನಿಧಾನಕ್ಕೆ ಸುರಿದರೆ ದೊಡ್ಡ ಹನಿಗಳನ್ನು ತಡೆಯಿತು, ಮಂಜನ್ನು ತಡೆಯಲಿಲ್ಲ. ಅದನ್ನು ಸೋಪು ಹಾಕಿ ತೊಳೆಯಬೇಡಿ, ಜಾಲರಿಯಲ್ಲಿ ಸೋಪು ಉಳಿದರೆ ನೀರನ್ನು ದೂರ ಇಡುವ ಗುಣ ಹೋಗುತ್ತದೆ. ಮಾಮೂಲಿ ಪೇಪರ್ ಎಲಿಮೆಂಟ್ ಮೊದಮೊದಲು ಚೆನ್ನಾಗಿಯೇ ಕೆಲಸ ಮಾಡಿತು, ಪೇಪರ್ ನೀರು ಕುಡಿಯುತ್ತದಲ್ವಾ. ಕುಡಿದು ತುಂಬಿದ ಮೇಲೆ ಹರಿವು ಸಣ್ಣಗಾಯಿತು, ಆಮೇಲೆ ನೀರು ದಾಟತೊಡಗಿತು. ಬಿಚ್ಚಿ ನೋಡಿದರೆ ಮಡಿಕೆಗಳು ಮಳೆಗೆ ನೆಂದ ಹಪ್ಪಳದ ಹಾಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಸಪರೇಟರ್‌ನದ್ದು ಬೇರೆಯೇ ರೀತಿ. ಅದರ ಪೇಪರಿಗೆ ನೀರು ಅಂಟದಂತೆ ಲೇಪ ಇರುತ್ತದೆ. ಸಣ್ಣ ಹನಿಗಳು ಅದರ ಮೇಲ್ಮೈಯಲ್ಲೇ ನಿಂತು, ಪಕ್ಕದ ಹನಿಯ ಜೊತೆ ಸೇರಿ, ದಪ್ಪಗಾಗಿ ಬೌಲಿಗೆ ಉದುರುತ್ತವೆ. ಟಾರ್ಚ್ ಹಿಡಿದರೆ ಉದುರುವುದು ಕಾಣುತ್ತದೆ, ಇಡೀ ಪ್ರಯೋಗದಲ್ಲಿ ನನಗೆ ಖುಷಿ ಕೊಟ್ಟದ್ದು ಅದೇ. ನಿಧಾನದ ಹರಿವಿನಲ್ಲಿ ಹೊರಬಂದ ಡೀಸೆಲ್ ಹಿಂದೆ ದಿನಪತ್ರಿಕೆ ಹಿಡಿದರೆ ಅಕ್ಷರ ಸ್ಪಷ್ಟ. ಹರಿವು ಜೋರು ಮಾಡಿದರೆ ಸ್ವಲ್ಪ ಮಂಜು ಬಂತು. ಹಾಗಾಗಿ ಕೊಳ್ಳುವಾಗ ಗಂಟೆಗೆ ಎಷ್ಟು ಲೀಟರ್ ಅಂತಲೂ ಕೇಳಿ. ಇಂಜಿನ್ ಸುಡುವಷ್ಟಕ್ಕೆ ಅಲ್ಲ, ಪಂಪ್ ಎಳೆಯುವಷ್ಟಕ್ಕೆ. ಎಳೆದದ್ದರಲ್ಲಿ ಬಹಳಷ್ಟು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ.

ಇನ್ನೊಂದು ಬದಲಾವಣೆ ಮಾಡಿ ನೋಡಿದೆ. 12 ವೋಲ್ಟಿನ ಸಣ್ಣ ಪಂಪನ್ನು ಸಪರೇಟರ್‌ಗೆ ಮೊದಲು ಹಾಕಿದಾಗ ಬಾಟಲಿ ಮಬ್ಬಾಯಿತು. ಅದೇ ಪಂಪನ್ನು ಸಪರೇಟರ್ ಆದಮೇಲೆ ಹಾಕಿ ಎಳೆಸಿದಾಗ ತಿಳಿಯಾಗಿಯೇ ಇತ್ತು. ಪಂಪ್ ನೀರಿನ ಹನಿಯನ್ನು ನುಚ್ಚುನೂರು ಮಾಡುತ್ತದೆ. ಅದಕ್ಕೇ ಸಪರೇಟರ್ ಇರಬೇಕಾದ ಜಾಗ ಟ್ಯಾಂಕ್ ಮತ್ತು ಅದರಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ನಡುವೆ. ಅಲ್ಲಿ 2 ಮೈಕ್ರಾನಿನದ್ದು ಹಾಕಿದರೆ ಪಂಪಿಗೆ ಎಳೆಯಲು ಕಷ್ಟ, ಲೋಡ್ ಬಿದ್ದಾಗ ಇಂಜಿನ್ ಸೊರಗುತ್ತದೆ. 30 ಅಥವಾ 10 ಸಾಕು. ಬೋಟುಗಳಲ್ಲಿ ಬಳಸುವ ರೇಕರ್ ಬ್ರ್ಯಾಂಡಿನ ಎಲಿಮೆಂಟುಗಳಲ್ಲಿ ಇದಕ್ಕೆ ಬಣ್ಣವನ್ನೇ ಗೊತ್ತುಮಾಡಿದ್ದಾರೆ, 30ಕ್ಕೆ ಕೆಂಪು, 10ಕ್ಕೆ ನೀಲಿ, 2ಕ್ಕೆ ಕಂದು. ಫೈನ್ ಕೆಲಸ ಪಂಪ್ ಆದಮೇಲಿನ ಫಿಲ್ಟರಿಗೆ ಬಿಡಿ.

ಈ ಮೈಕ್ರಾನ್ ವಿಷಯ. ಮನೆಯಲ್ಲಿ ನೀರನ್ನು ಹೋಲಿಸಬಹುದು, ಮೈಕ್ರಾನನ್ನು ಹೋಲಿಸಲಾಗದು. ಕಣ್ಣಿಗೆ ಕಾಣುವುದು ಸುಮಾರು 40 ಮೈಕ್ರಾನ್ ತನಕ, ಕೂದಲೇ 70ರ ಆಸುಪಾಸು. ಬಿಳಿ ಬಟ್ಟೆಗೆ ಸೋಸಿ "ನೋಡಿ ಎಷ್ಟು ಕ್ಲೀನ್" ಅನ್ನುವ ಟೆಸ್ಟಿಗೆ ಅರ್ಥವಿಲ್ಲ. ಡಬ್ಬದ ಮೇಲೆ ಬರೀ '5 ಮೈಕ್ರಾನ್' ಅಂತಿದ್ದರೆ ಆ ಗಾತ್ರದ ಕಣಗಳಲ್ಲಿ ಅರ್ಧವನ್ನಷ್ಟೇ ತಡೆಯುವ ಫಿಲ್ಟರೂ ಆಗಿರಬಹುದು. ಜೊತೆಗೆ ಬೀಟಾ ಅಂತ ಒಂದು ಅಂಕಿ ಇರಬೇಕು. ಬೀಟಾ 2 ಅಂದರೆ ಎರಡಕ್ಕೊಂದು ದಾಟುತ್ತದೆ, ಬೀಟಾ 75 ಅಂದರೆ ಎಪ್ಪತ್ತೈದಕ್ಕೊಂದು, ಅಂದರೆ ನೂರಕ್ಕೆ 98.7ರಷ್ಟು ತಡೆ. ಎರಡೂ ಡಬ್ಬದ ಮೇಲೆ 5 ಅಂತಲೇ ಇರುತ್ತದೆ! ಕಣಗಳ ಟೆಸ್ಟಿಗೆ ಐಎಸ್‌ಒ 19438, ನೀರಿನ ಟೆಸ್ಟಿಗೆ ಐಎಸ್‌ಒ 16332 ಅಂತ ಪದ್ಧತಿಗಳಿವೆ. ಕಂಪನಿಯ ಡೇಟಾ ಶೀಟಿನಲ್ಲಿ ಇವು ಇದ್ದರೆ ಅಲ್ಲಿನ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬಹುದು.

ಮನೆಯಲ್ಲಿ ಮಾಡಬಹುದಾದದ್ದು ಬಳಸಿದ ಫಿಲ್ಟರ್ ಕೊಯ್ದು ನೋಡುವುದು. ಪೇಪರ್ ಬಿಡಿಸಿ ಮಡಿಕೆ ಎಣಿಸಿ. ಎತ್ತರ, ಆಳ, ಮಡಿಕೆಯ ಸಂಖ್ಯೆ, ಎಲ್ಲ ಗುಣಿಸಿ ಎರಡರಿಂದ ಮತ್ತೆ ಗುಣಿಸಿದರೆ ಪೇಪರಿನ ವಿಸ್ತೀರ್ಣ. 7 ಸೆಂ.ಮೀ. ಎತ್ತರ, 2 ಸೆಂ.ಮೀ. ಆಳದ 60 ಮಡಿಕೆ ಇದ್ದರೆ 1680 ಚದರ ಸೆಂ.ಮೀ. ಅಗ್ಗದ್ದರಲ್ಲಿ 40 ಮಡಿಕೆ ಇದ್ದರೆ 1120. ಹೊರಗಿನ ಡಬ್ಬ ಒಂದೇ ಅಳತೆ, ಒಳಗೆ ಮೂರನೇ ಒಂದು ಭಾಗ ಮಾಯ. ಪೇಪರಿನ ತುದಿಗೆ ಹಾಕಿದ ಗೋಂದನ್ನೂ ನೋಡಿ, ಅಲ್ಲಿ ಸಂದಿ ಇದ್ದರೆ ಮೈಕ್ರಾನ್ ಎಷ್ಟಿದ್ದರೇನು, ಡೀಸೆಲ್ ಪಕ್ಕದಿಂದ ನುಸುಳುತ್ತದೆ.

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂದರೆ, ಇಂಜಿನ್ ಯಾವುದು ಅನ್ನುವುದರ ಮೇಲೆ. ಹಳೆ ಮೈಕೋ ಕಂಪನಿಯ ಇಂಜೆಕ್ಷನ್ ಪಂಪಿನ ಟ್ರ್ಯಾಕ್ಟರಿನಲ್ಲಿ ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಝಲ್ ತೆರೆಯುವುದು ಸುಮಾರು 200 ಬಾರ್ ಒತ್ತಡಕ್ಕೆ. ಎಲ್ಲ ನಾಝಲ್‌ಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ಕಾಮನ್ ರೈಲಿನಲ್ಲಿ 1600 ಬಾರ್, ಅದಕ್ಕೂ ಮೇಲೆ. ಅಲ್ಲಿನ ಭಾಗಗಳ ನಡುವಿನ ಸಂದಿಯೇ ಕೆಲವೇ ಮೈಕ್ರಾನ್. 2023ರ ಜನವರಿಯಿಂದ 50 ಎಚ್‌ಪಿಗಿಂತ ದೊಡ್ಡ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಗೆ ಮಿತಿ ಹಾಕುವ ಟ್ರೆಮ್ 4 ನಿಯಮ ಬಂದ ಮೇಲೆ ಆ ಜಾತಿಯ ಇಂಜಿನ್ ಹೊಲಕ್ಕೂ ಬಂದಿದೆ. ಒಳಗೆ ನೀರು ಹೊಕ್ಕರೆ ಡೀಸೆಲಿನ ಜಾರುಗುಣ ಹೋಗುತ್ತದೆ, ಪಂಪಿನಲ್ಲಿ ಡೀಸೆಲ್ ಒತ್ತುವ ಪ್ಲಂಜರ್ ಮೇಲೆ ಗೀರು ಬೀಳುತ್ತದೆ, ತುಕ್ಕು ಹಿಡಿಯುತ್ತದೆ. ನೀರು, ಡೀಸೆಲ್ ಸೇರುವ ಗೆರೆಯಲ್ಲಿ ಪಾಚಿಯಂಥ ಕಪ್ಪು ಲೋಳೆ ಬೆಳೆದು ಫಿಲ್ಟರ್ ಕಟ್ಟುವುದು ಬೇರೆ.

ದುಡ್ಡಿಲ್ಲದೆ ಆಗುವ ಸಪರೇಟರ್ ಒಂದಿದೆ, ಬ್ಯಾರಲ್ಲನ್ನು ಅಲ್ಲಾಡಿಸದೆ ಬಿಡುವುದು. ಹನಿಯ ಗಾತ್ರ ಅರ್ಧವಾದರೆ ಇಳಿಯುವ ವೇಗ ಕಾಲು ಭಾಗಕ್ಕೆ ಬೀಳುತ್ತದೆ. 100 ಮೈಕ್ರಾನಿನ ಹನಿ ಗಂಟೆಗೆ ಹೆಚ್ಚುಕಡಿಮೆ ಒಂದು ಮೀಟರ್ ಇಳಿದರೆ 10 ಮೈಕ್ರಾನಿನದ್ದು ಒಂದೇ ಸೆಂಟಿಮೀಟರ್. ಬ್ಯಾರಲ್ ಎತ್ತರ 90 ಸೆಂ.ಮೀ. ಹತ್ತಿರ. ಅಂದರೆ ತುಂಬಿದ ಮೇಲೆ ನಾಲ್ಕು ದಿನ ಬಿಟ್ಟರೆ ಆ ಸಣ್ಣ ಹನಿಗಳೂ ತಳ ಸೇರುತ್ತವೆ. ಪೈಪನ್ನು ತಳಕ್ಕೆ ಮುಟ್ಟಿಸದೆ ಅರ್ಧ ಅಡಿ ಮೇಲೆ ನಿಲ್ಲಿಸಿ ಎಳೆಯಿರಿ. ತಳದ್ದನ್ನು ಆಗಾಗ ಬೇರೆ ಕ್ಯಾನಿಗೆ ತೆಗೆದಿಡಿ, ತೋಟಕ್ಕೆ ಚೆಲ್ಲಬೇಡಿ.

ನಾನು ಕೊನೆಗೆ ಜೋಡಿಸಿದ್ದು ಹೀಗೆ: ಟ್ಯಾಂಕ್, 30 ಮೈಕ್ರಾನಿನ ಸಪರೇಟರ್, ಫೀಡ್ ಪಂಪ್, ಆಮೇಲೆ ಟ್ರ್ಯಾಕ್ಟರ್ ಕಂಪನಿಯದ್ದೇ ಫಿಲ್ಟರ್. ಸಪರೇಟರ್ ಬೌಲ್ ಪ್ಲಾಸ್ಟಿಕ್ಕಿನದ್ದಾದರೆ ಸೈಲೆನ್ಸರ್‌ನಿಂದ ದೂರ ಇರಲಿ, ಥಿನ್ನರ್ ಹಾಕಿ ಒರೆಸಬೇಡಿ, ಬಿರುಕು ಬಿಡುತ್ತದೆ. ಬೌಲಿನ ನೀರು ಬಿಡುವ ಡ್ರೇನ್ ತಿರುಗಿಸುವುದು ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ. ಹೊಸ ಜಾಯಿಂಟ್ ಎರಡು ಬಂದವು ಅಂದರೆ ಗಾಳಿ ಎಳೆಯಲು ಎರಡು ಜಾಗ ಬಂದವು ಅಂತಲೇ ಅರ್ಥ, ಪೈಪ್ ಜೋಡಿಸುವ ಬ್ಯಾಂಜೋ ಬೋಲ್ಟಿಗೆ ಹಳೆ ಕಾಪರ್ ವಾಷರ್ ಹಾಕಬೇಡಿ. ಫಿಲ್ಟರ್ ಬಿಚ್ಚಿ ಹಾಕಿದಾಗ ಒಳಗೆ ಸೇರುವ ಏರ್ ತೆಗೆಯುವ ಕೆಲಸ ಬೇಗ ಮುಗಿಯಲಿ ಅಂತ ಕೊನೆಯ ಫಿಲ್ಟರಿಗೆ ಕ್ಯಾನಿನ ಡೀಸೆಲ್ ಸುರಿದು ಕೂರಿಸುವವರಿದ್ದಾರೆ, ಅದೂ ನಡುವಿನ ತೂತಿನಿಂದ. ನಡುವಿನ ತೂತು ಸೋಸಿ ಆದಮೇಲಿನ ದಾರಿ, ಅಲ್ಲಿ ಸುರಿದದ್ದು ಸೋಸದೆ ನೇರ ಪಂಪಿಗೆ ಹೋಗುತ್ತದೆ. ಅದರ ಬದಲು ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಒತ್ತುವ ಪಂಪ್) ಒತ್ತಿ, ಗಾಳಿ ಬಿಡುವ ಬ್ಲೀಡ್ ಸ್ಕ್ರೂನಲ್ಲಿ ಗುಳ್ಳೆ ನಿಲ್ಲುವ ತನಕ. ಕೈ ನೋಯುತ್ತದೆ, ನೋಯಲಿ.