ಕಸೂತಿಯಲ್ಲಿ ಮುತ್ತಿನ ಸುತ್ತು: ನಾಲ್ಕು ವಾರದ ಕೆಲಸ

ಮುತ್ತು ಪೋಣಿಸಿದ ಹಾಗೆ ಒಂದು ದುಂಡನೆಯ ಅಂಚು. ಅದರೊಳಗೆ ಕೊಕ್ಕಿನಲ್ಲಿ ಹಾರ ಕಚ್ಚಿ ನಿಂತ ಬಾತುಕೋಳಿ, ಕುತ್ತಿಗೆಯಲ್ಲಿ ರಿಬ್ಬನ್ನು. ಇಂಥ ಮುತ್ತಿನ ಸುತ್ತು ಇರಾನಿನ ಸಾಸಾನಿ ಅರಸರ ಕಲೆಯಲ್ಲಿ ಕಾಣುತ್ತದೆ. ಮಧ್ಯ ಏಷ್ಯಾದ ಸಮರ್‌ಕಂದದ ಸುತ್ತಲಿನ ನಾಡು ಸೋಗ್ಡಿಯಾ, ಅಲ್ಲಿನ ವ್ಯಾಪಾರಿಗಳು ಓಡಾಡಿದ ರೇಷ್ಮೆ ದಾರಿಯುದ್ದಕ್ಕೂ ಹಬ್ಬಿ, ಚೀನಾ ದಾಟಿ ಜಪಾನಿನವರೆಗೂ ಹೋಗಿದೆ. ಅದನ್ನು ಧಾರವಾಡದ ಕಸೂತಿಯಲ್ಲಿ ಹಾಕಬೇಕು ಅನ್ನುವುದು ನನ್ನ ಆಸೆ.

ಮೊದಲ ವಾರ
ಸಮರ್‌ಕಂದದ ಅಫ್ರಾಸಿಯಾಬ್ ಗೋಡೆಚಿತ್ರಗಳಿಂದ ಶುರು ಮಾಡಿದೆ. 7ನೇ ಶತಮಾನದವು, 1965ರಲ್ಲಿ ಸಿಕ್ಕವು. ಅದರಲ್ಲಿ ಬೇರೆ ಬೇರೆ ದೇಶದ ರಾಯಭಾರಿಗಳು ಸಾಲಾಗಿ ಬರುತ್ತಾರೆ. ಚೀನಾದವರ ಕೈಯಲ್ಲಿ ರೇಷ್ಮೆ, ಕೊರಿಯಾದವರ ತಲೆಯಲ್ಲಿ ಗರಿ. ಕೆಲವರ ನಿಲುವಂಗಿ ತುಂಬ ಸುತ್ತುಗಳು, ಒಳಗೆ ಹಕ್ಕಿ, ಹಂದಿಯ ತಲೆ. ಬಟ್ಟೆ ಯಾವತ್ತೋ ಮಣ್ಣಾಯಿತು, ಆದರೆ ಬಣ್ಣದಲ್ಲಿ ಉಳಿದುಕೊಂಡಿದೆ!

ಕಂಪಾಸಿನಿಂದ ವೃತ್ತ ಎಳೆದು ಬಟ್ಟೆ ಮೇಲೆ ಇಳಿಸಿದೆ. ಪೂರ್ತಿ ಕೆಟ್ಟಿತು. ಕಸೂತಿಗೆ ಗೆರೆ ಹಾಕಿಕೊಳ್ಳುವ ಪದ್ಧತಿಯೇ ಇಲ್ಲ, ಎಳೆ ಎಣಿಸಬೇಕು. ಕಲಿಸುವ ಅಕ್ಕ ನೋಡಿ, "ದುಂಡ ಮಾಡಾಕ ಹೋಗಬ್ಯಾಡವಾ, ಎಳಿ ಎಣಸು. ದೂರ ನಿಂತು ನೋಡಿದ್ರ ದುಂಡನ ಕಾಣ್ತದ" ಅಂದರು. ಎಲ್ಲ ಬಿಚ್ಚಿದೆ.

ಎರಡನೇ ವಾರ
ಅಂಚನ್ನು ಮುರ್ಗಿಯಲ್ಲಿ ಹಾಕಿದೆ. ಮುರ್ಗಿ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಹೊಲಿಗೆ. ಹತ್ತಿರದಿಂದ ಮೆಟ್ಟಿಲು, ಮೂರು ಅಡಿ ದೂರದಿಂದ ವೃತ್ತ. ಆಮೇಲೆ ವಾಯವ್ಯ ಚೀನಾದ ತುರ್ಫಾನ್ ಊರಿನ ಹತ್ತಿರದ ಅಸ್ತಾನಾ ಅನ್ನುವ ಹಳೆಯ ಗೋರಿಗಳಲ್ಲಿ ಸಿಕ್ಕ ರೇಷ್ಮೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅಲ್ಲೂ ಮೆಟ್ಟಿಲು! ಗೋಡೆಗೆ ಬಣ್ಣ ಹಚ್ಚಿದವನ ಕುಂಚ ಎತ್ತ ಬೇಕಾದರೂ ತಿರುಗುತ್ತದೆ. ನೇಯುವವನಿಗೆ ಇರುವುದು ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ) ಎರಡೇ ಅಲ್ವಾ? ಅವತ್ತು ನನಗೆ ತುಂಬ ಖುಷಿಯಾಯಿತು.

ಮೂರನೇ ವಾರ
ಸೂಜಿಗಿಂತ ಓದಿಗೇ ಜಾಸ್ತಿ ಹೊತ್ತು ಹೋಯಿತು. 'ಜಿನ್' ಅಂದರೆ ಚೀನಾದ ಹಳೆಯ ಬಣ್ಣಬಣ್ಣದ ಚಿತ್ರದ ರೇಷ್ಮೆ, ಅದರಲ್ಲಿ ಚಿತ್ರ ಮೂಡುವುದು ಹಾಸಿನ ಎಳೆಯಿಂದ. ಚೀನಾದ ಪಶ್ಚಿಮಕ್ಕಿರುವ ಇರಾನ್, ಮಧ್ಯ ಏಷ್ಯಾ ಕಡೆಯ ನೇಕಾರರು ಅದನ್ನು ಹೊಕ್ಕಿನಿಂದ ಮೂಡಿಸುತ್ತಿದ್ದರು. ಹೊರಗಿನ ನಮೂನೆ ಬಂದಾಗ ಚೀನಾದ ನೇಕಾರರು ಮೊದಮೊದಲು ತಮ್ಮ ರೀತಿಯಲ್ಲೇ ನೇಯ್ದರು. ಅಸ್ತಾನಾದ ಒಂದು ತುಂಡಿನಲ್ಲಿ ಸುತ್ತಿನೊಳಗೆ ಒಂಟೆ ಹಿಡಿದ ಮನುಷ್ಯ ಇದ್ದಾನೆ, ಪಕ್ಕದಲ್ಲಿ 'ಹೂ ವಾಂಗ್' ಅಂತ ಚೀನೀ ಅಕ್ಷರ. ಅಂದರೆ ಪಶ್ಚಿಮದ ಪರದೇಶಿಗಳ ರಾಜ. ಅದೇ ಚಿತ್ರ ಕೆಳಗೆ ತಲೆಕೆಳಗಾಗಿಯೂ ಇದೆ, ಕೆರೆಯ ನೀರಿನಲ್ಲಿ ನೆರಳು ಬಿದ್ದ ಹಾಗೆ. ನಮೂನೆ ಪಶ್ಚಿಮದ್ದು, ಕೈ ಚೀನಾದ್ದು. ನಿಧಾನವಾಗಿ ಹೊಕ್ಕಿನ ರೀತಿಯನ್ನೂ ಕಲಿತರು.

ಚೀನಾದ ಸೂಯಿ ರಾಜವಂಶದ ಚರಿತ್ರೆಯಲ್ಲಿ ಹೆ ಚೋ ಅನ್ನುವವನ ಕಥೆ ಬರುತ್ತದೆ. ಅವನ ಅಜ್ಜ ವ್ಯಾಪಾರಕ್ಕೆ ಬಂದು ಚೀನಾದಲ್ಲಿ ನೆಲೆಸಿದವನು. ಪರ್ಷಿಯಾದಿಂದ ಬಂದ ಚಿನ್ನದೆಳೆಯ ಬಟ್ಟೆಯಂಥದ್ದನ್ನು ನೇಯಿಸು ಎಂದು ಚಕ್ರವರ್ತಿ ಇವನಿಗೆ ಹೇಳಿದ. ಇವನು ಮಾಡಿಸಿದ್ದು ಅಸಲಿಗಿಂತ ಚೆನ್ನಾಗಿತ್ತಂತೆ. ನಕಲು ಅಂತ ಸುಮ್ನೆ ತಳ್ಳಿಹಾಕುವವರಿಗೆ ಈ ಕಥೆ ಹೇಳಬೇಕು ಅನ್ನಿಸುತ್ತದೆ.

ಜಪಾನಿನ ಹೊರ್ಯೂಜಿ ದೇವಾಲಯದ ರೇಷ್ಮೆಯಲ್ಲಿ ಕುದುರೆ ಮೇಲೆ ಕೂತು ಸಿಂಹಕ್ಕೆ ಬಾಣ ಬಿಡುವ ಸವಾರರಿದ್ದಾರೆ, ಇರಾನಿನ ಅರಸರ ಹಾಗೆ. ಆದರೆ ಕುದುರೆಯ ಮೈಮೇಲೆ ಚೀನೀ ಅಕ್ಷರ, 'ಬೆಟ್ಟ' ಮತ್ತು 'ಶುಭ'.

ನಾಲ್ಕನೇ ವಾರ
ಇಪ್ಪತ್ತು ಮುತ್ತುಗಳಲ್ಲಿ ಹದಿನೇಳು ಮುಗಿದಿವೆ. ಮೆಂತಿ, ಅಂದರೆ ಅಡ್ಡಡ್ಡ ದಾಟುವ ಹೊಲಿಗೆ, ಹಾಕಿ ನೋಡಿದೆ, ದಪ್ಪವಾಯಿತು. ಈಗ ಎಲ್ಲ ನೇಗಿ. ನೇಯ್ದ ಹಾಗೆ ಕಾಣುವ ಹೊಲಿಗೆ ಅದು, ಈ ಕೆಲಸಕ್ಕೆ ಅದೇ ಸರಿ. ಗಂಟು ಎಲ್ಲೂ ಹಾಕಿಲ್ಲ. ಬಾತುಕೋಳಿಯ ಕುತ್ತಿಗೆ ಮಾತ್ರ ಎಷ್ಟು ಎಣಿಸಿದರೂ ನಮ್ಮ ಇಳಕಲ್ ಸೀರೆ ಸೆರಗಿನ ಗಿಳಿಯ ಕುತ್ತಿಗೆಯೇ ಆಗುತ್ತಿದೆ. ಎರಡು ಸಲ ಬಿಚ್ಚಿದೆ. ಮೂರನೇ ಸಲ ಬಿಚ್ಚಲಿಲ್ಲ. ನಿನ್ನೆ ಆ ಕುತ್ತಿಗೆಗೇ ಕೆಂಪು ರಿಬ್ಬನ್ ಕಟ್ಟಿದೆ.