‘ಬೆಳೆಸಿದ’ ಎಂಬ ಕ್ರಿಯಾಪದ

24 ಸೆಪ್ಟೆಂಬರ್ 2024, ಮಂಗಳವಾರ, ತಡರಾತ್ರಿ

ಇವತ್ತು ಜಿಲ್ಲಾ ಪುಟಕ್ಕೆ ಬಂದ ಸುದ್ದಿಯೊಂದರ ಮೊದಲ ಸಾಲು ಹೀಗಿತ್ತು: ‘ಅಪ್ರಾಪ್ತ ಬಾಲಕಿಯನ್ನು ಪುಸಲಾಯಿಸಿ ಆಕೆಯೊಂದಿಗೆ ದೈಹಿಕ ಸಂಪರ್ಕ ಬೆಳೆಸಿದ ಆರೋಪದ ಮೇಲೆ ವ್ಯಕ್ತಿಯೊಬ್ಬನನ್ನು ಪೊಲೀಸರು ಬಂಧಿಸಿದ್ದಾರೆ.’ ಬಾಲಕಿಗೆ ಹನ್ನೊಂದು ವರ್ಷ. ವ್ಯಕ್ತಿಗೆ ನಲವತ್ತು ದಾಟಿದೆ.

ಹದಿನಾಲ್ಕು ವರ್ಷಗಳಿಂದ ಸುದ್ದಿ ತಿದ್ದುವುದೇ ನನ್ನ ಕೆಲಸ. ಇಂಥ ಸಾಲುಗಳನ್ನು ಎಷ್ಟು ಸಲ ಹಾಗೆಯೇ ಪುಟಕ್ಕೆ ಬಿಟ್ಟಿದ್ದೇನೋ, ನೆನೆದರೆ ಸಂಕಟವಾಗುತ್ತದೆ. ಇವತ್ತು ಕಣ್ಣು ‘ಬೆಳೆಸಿದ’ ಎಂಬಲ್ಲಿ ನಿಂತುಬಿಟ್ಟಿತು. ನಾವು ಏನೇನನ್ನು ಬೆಳೆಸುತ್ತೇವೆ? ಸ್ನೇಹ ಬೆಳೆಸುತ್ತೇವೆ, ಬೀಗತನ ಬೆಳೆಸುತ್ತೇವೆ, ಗಿಡ ಬೆಳೆಸುತ್ತೇವೆ, ಮಕ್ಕಳನ್ನು ಬೆಳೆಸುತ್ತೇವೆ. ಆ ಪದದಲ್ಲಿ ಅಕ್ಕರೆ ಇದೆ, ಕಾಯುವಿಕೆ ಇದೆ. ಅದರ ಹಿಂದೆಯೇ ‘ಆಕೆಯೊಂದಿಗೆ’. ಆ ‘ಒಂದಿಗೆ’ ಎಂಬ ಮೂರಕ್ಷರ ಐದನೇ ತರಗತಿಯ ಮಗುವನ್ನು ಕೃತ್ಯದಲ್ಲಿ ಪಾಲುಗಾರಳನ್ನಾಗಿ ಮಾಡುತ್ತದೆ. ಅವನು ಮಾಡಿದ್ದು ಅವಳ ಮೇಲೆ. ಅವಳೊಂದಿಗೆ ಅಲ್ಲ.

ವರದಿಗಾರರಿಗೆ ಫೋನ್ ಮಾಡಿದೆ. ‘ಎಫ್‌ಐಆರ್‌ನಲ್ಲಿ ಇರುವುದನ್ನೇ ಹಾಕಿದ್ದೇನೆ ಮೇಡಂ’ ಎಂದರು. ಅವರ ಮಾತು ಸುಳ್ಳಲ್ಲ. ಠಾಣೆಯ ಕನ್ನಡ ಇರುವುದೇ ಹಾಗೆ: ‘ಸದರಿ ಆರೋಪಿಯು ನೊಂದ ಬಾಲಕಿಯನ್ನು ಪುಸಲಾಯಿಸಿ...’ ಅದರಲ್ಲಿ ‘ನೊಂದ ಬಾಲಕಿ’ ಎಂಬುದೊಂದು ನನಗೆ ಹಿಡಿಸುತ್ತದೆ. ನಮ್ಮ ಪತ್ರಿಕೆಗಳ ‘ಸಂತ್ರಸ್ತೆ’ಗಿಂತ ಅದು ಮನುಷ್ಯರ ಮಾತು. ಉಳಿದದ್ದೆಲ್ಲ ಮಗುವಿನ ಬಾಯಿಂದ ಎಂದಿಗೂ ಬರಲಾರದ ಭಾಷೆ.

ಕಾನೂನು ಹೀಗೆ ಬರೆಯಿರಿ ಎಂದು ಹೇಳಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲೆಂದೇ ಇರುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ ಜಾರಿಗೆ ಬಂದದ್ದು. ಮಗು ತಾನೇ ದೂರು ಕೊಟ್ಟರೆ ಅದಕ್ಕೆ ಅರ್ಥವಾಗುವ ಸರಳ ಭಾಷೆಯಲ್ಲಿ ದಾಖಲಿಸಬೇಕು ಎಂದು ಅದರ 19ನೇ ಸೆಕ್ಷನ್ ಹೇಳುತ್ತದೆ. ಹೇಳಿಕೆಯನ್ನು ಮಗು ಆಡಿದಂತೆಯೇ ಬರೆದುಕೊಳ್ಳಬೇಕು ಎನ್ನುತ್ತದೆ 26ನೇ ಸೆಕ್ಷನ್. ‘ಅಲ್ಲಿ ಕೈ ಹಾಕಿದ, ನೋವಾಯಿತು, ಯಾರಿಗೂ ಹೇಳಬೇಡ ಎಂದ’ ಎಂದು ಮಗು ಹೇಳಿದರೆ ಕಾಗದದ ಮೇಲೂ ಅಷ್ಟೇ ಇರಬೇಕು. ಹದಿನೆಂಟು ತುಂಬದವರ ಒಪ್ಪಿಗೆಯನ್ನು ಈ ಕಾಯ್ದೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಾಯ್ದೆ ಇಷ್ಟು ಖಚಿತವಾಗಿರುವಾಗ ನಮ್ಮ ಒಂದು ಕ್ರಿಯಾಪದ ಆ ಒಪ್ಪಿಗೆಯನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತಿದೆ.

ನಿನ್ನೆಯೇ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದರಿಂದಲೂ ಇರಬಹುದು, ಮನಸ್ಸು ಪದಗಳ ಸುತ್ತಲೇ ತಿರುಗುತ್ತಿದೆ. ಮಕ್ಕಳ ಮೇಲಿನ ದೌರ್ಜನ್ಯದ ವಿಡಿಯೊಗಳನ್ನು ಡೌನ್‌ಲೋಡ್ ಮಾಡಿಕೊಂಡಿದ್ದವನ ಮೇಲಿನ ಪ್ರಕರಣವನ್ನು ಮದ್ರಾಸ್ ಹೈಕೋರ್ಟ್ ಕಳೆದ ಜನವರಿಯಲ್ಲಿ ರದ್ದು ಮಾಡಿತ್ತು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಅವರ ಪೀಠ ಆ ಆದೇಶವನ್ನು ತಳ್ಳಿಹಾಕಿತು. ಜೊತೆಗೆ ‘ಚೈಲ್ಡ್ ಪೋರ್ನೋಗ್ರಫಿ’ ಎಂಬ ಪದವನ್ನು ಇನ್ನು ಮುಂದೆ ಯಾವ ನ್ಯಾಯಾಲಯವೂ ಬಳಸಕೂಡದು, ಅದು ಶೋಷಣೆ ಮತ್ತು ದೌರ್ಜನ್ಯದ ದಾಖಲೆ ಎಂದು ತಿಳಿಯುವ ಹೆಸರನ್ನೇ ಬಳಸಬೇಕು ಎಂದಿತು. ಕಾಯ್ದೆಯಲ್ಲೇ ಆ ಪದವನ್ನು ಬದಲಿಸುವಂತೆ ಸಂಸತ್ತಿಗೂ ಸೂಚಿಸಿತು.

ನಿನ್ನೆ ರಾತ್ರಿ ಆ ಸುದ್ದಿಯನ್ನು ಕನ್ನಡಕ್ಕೆ ತಂದವಳು ನಾನೇ. ರೂಢಿಯಂತೆ ‘ಮಕ್ಕಳ ಅಶ್ಲೀಲ ಚಿತ್ರ’ ಎಂದು ಟೈಪ್ ಮಾಡಿದೆ. ಮಕ್ಕಳ ಸಾಹಿತ್ಯ, ಮಕ್ಕಳ ನಾಟಕ, ಮಕ್ಕಳ ಚಿತ್ರ. ಅದೇ ಸಾಲಿನಲ್ಲಿ ಇದೂ! ಆ ಷಷ್ಠಿ ವಿಭಕ್ತಿ ಅಪರಾಧವನ್ನು ಮಕ್ಕಳ ಆಸ್ತಿಯನ್ನಾಗಿ ಮಾಡಿಬಿಡುತ್ತದೆ. ‘ಅಶ್ಲೀಲ’ ಎಂದರೆ ಸಭ್ಯರು ನೋಡಬಾರದ್ದು ಎಂದಷ್ಟೇ ಆಯಿತು. ಅಲ್ಲೊಂದು ಮಗು ಹಿಂಸೆ ಅನುಭವಿಸುತ್ತಿದೆ ಎಂಬುದು ಆ ಪದದೊಳಗೆ ಎಲ್ಲಿಯೂ ಇಲ್ಲ. ಅಳಿಸಿ ‘ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯ’ ಎಂದು ಹಾಕಿದೆ. ತಲೆಬರಹಕ್ಕೆ ಉದ್ದವಾಯಿತು ಎಂದರು. ಎರಡು ಸಾಲು ಕೊಡಿ ಎಂದೆ. ಕೊಟ್ಟರು.

ಇವತ್ತಿನ ಸುದ್ದಿಯನ್ನು ಹೀಗೆ ತಿದ್ದಿದೆ: ‘11 ವರ್ಷದ ಬಾಲಕಿಯ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಆರೋಪದ ಮೇಲೆ ವ್ಯಕ್ತಿಯೊಬ್ಬನನ್ನು ಬಂಧಿಸಲಾಗಿದೆ.’ ಕೊನೆಯ ಪ್ಯಾರಾದಲ್ಲಿ ಊರಿನ ಹೆಸರೂ ಅಪ್ಪನ ಅಂಗಡಿಯ ವಿವರವೂ ಇದ್ದವು. ತೆಗೆದುಹಾಕಿದೆ, 23ನೇ ಸೆಕ್ಷನ್ ಪ್ರಕಾರ ಮಗುವಿನ ಗುರುತು ಸಿಗುವ ಯಾವುದನ್ನೂ ಅಚ್ಚು ಮಾಡುವಂತಿಲ್ಲ. ‘ಕಾಮುಕನ ಅಟ್ಟಹಾಸ’ ಎಂಬ ತಲೆಬರಹವನ್ನೂ ತೆಗೆದೆ. ಅಟ್ಟಹಾಸ ಮಾಡುವವನಾದರೆ ಊರೇ ಎಚ್ಚರವಾಗುತ್ತಿತ್ತು. ಇಂಥವರು ಚಾಕೊಲೇಟ್ ಕೊಡುವ ಮಾಮನಾಗಿ, ಲೆಕ್ಕ ಹೇಳಿಕೊಡುವ ಅಣ್ಣನಾಗಿ ಮನೆಯೊಳಗೇ ಇರುತ್ತಾರೆ.

ಇನ್ನು ನಮ್ಮ ಮನೆಯ ಮಾತು. ಬೆಳಿಗ್ಗೆ ಅಮ್ಮ ನನ್ನ ಮಗಳಿಗೆ ಸ್ನಾನ ಮಾಡಿಸುತ್ತಿದ್ದಳು. ಟವೆಲ್ ಇಲ್ಲದೆ ಹೊರಗೆ ಓಡಿದ ಮಗುವಿಗೆ ‘ಶೇಮ್ ಶೇಮ್, ಮುಚ್ಚಿಕೋ’ ಎಂದಳು. ಮಗು ನಗುತ್ತಾ ‘ನನ್ನ ಶೇಮ್ ಶೇಮ್’ ಎಂದು ಕೈಯಿಟ್ಟು ತೋರಿಸಿತು. ಅದಕ್ಕೆ ಮೂಗಿನ ಹೆಸರು ಗೊತ್ತು, ಮೊಣಕೈಯ ಹೆಸರು ಗೊತ್ತು. ಆ ಒಂದು ಜಾಗದ ಹೆಸರು ಮಾತ್ರ ನಾಚಿಕೆ.

‘ಹಾಗೆ ಕಲಿಸಬೇಡಮ್ಮ’ ಎಂದೆ.

‘ಮತ್ತೆ ಏನೆಂದು ಹೇಳಲಿ? ನೀನೇ ಹೇಳು.’

ದಿನವಿಡೀ ಪದಗಳನ್ನು ತಿದ್ದುವವಳಿಗೆ ‘ಯೋನಿ’ ಎಂಬ ಪದವನ್ನು ಅಮ್ಮನ ಎದುರು ಹೇಳಲು ಒಂದು ಕ್ಷಣ ನಾಲಿಗೆ ಏಳಲಿಲ್ಲ. ಆಮೇಲೆ ಹೇಳಿದೆ. ಅಮ್ಮ ಏನೂ ಅನ್ನದೆ ಮಗುವಿನ ತಲೆ ಒರೆಸಿದಳು.

ನನಗೆ ಒಂಬತ್ತು ವರ್ಷವಿದ್ದಾಗ, ನೆಂಟರೊಬ್ಬರ ಮನೆಗೆ ಇನ್ನು ಹೋಗುವುದಿಲ್ಲ ಎಂದು ಹಟ ಹಿಡಿದಿದ್ದೆ. ಏಕೆ ಎಂದು ಹೇಳಲು ನನ್ನ ಬಳಿ ಪದಗಳಿರಲಿಲ್ಲ. ‘ಅವರು ಸರಿ ಇಲ್ಲ’ ಎಂದಷ್ಟೇ ಹೇಳಿದ್ದೆ. ಹಿರಿಯರ ಬಗ್ಗೆ ಹಾಗೆಲ್ಲ ಮಾತನಾಡಬಾರದು ಎಂದು ಗದರಿ ಅಮ್ಮ ಆ ಬೇಸಿಗೆಯಲ್ಲೂ ನನ್ನನ್ನು ಕಳಿಸಿದ್ದಳು.

ಈಗ ಮನೆಗೆ ಬಂದಾಗ ಹನ್ನೆರಡೂವರೆ. ಎಂದೂ ಇಷ್ಟು ಹೊತ್ತು ಎಚ್ಚರವಿರದ ಅಮ್ಮ ಅಡುಗೆಮನೆಯಲ್ಲಿ ದೀಪ ಹಾಕಿಕೊಂಡು ಕುಳಿತಿದ್ದಳು. ಸಾರು ಬಿಸಿ ಮಾಡಿ ತಟ್ಟೆಗೆ ಬಡಿಸಿದಳು. ನಾನು ಎರಡು ತುತ್ತು ತಿನ್ನುವವರೆಗೆ ಸುಮ್ಮನಿದ್ದು, ಮುಖ ನೋಡದೆ ಕೇಳಿದಳು: ‘ಆ ಮನೆಗೆ ಹೋಗುವುದಿಲ್ಲ ಎಂದು ಅವತ್ತು ಅತ್ತೆಯಲ್ಲ. ಇದಕ್ಕೇನೇ?’

ಹೌದು ಎಂದೆ.