ಉಡುಪಿಯಿಂದ ಹಂಪಿಗೆ, ತುಂಗೆಯ ಬೆನ್ನು ಹಿಡಿದು

ಕರಾವಳಿಯವರಿಗೆ ದೂರ ಪ್ರಯಾಣ ಎಂದರೆ ಹೆಚ್ಚಾಗಿ ರಾತ್ರಿ ಬಸ್ಸು. ಊಟ ಮುಗಿಸಿ ಹತ್ತಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ಘಾಟಿ, ಮಲೆನಾಡು, ಬಯಲುಸೀಮೆ ಎಲ್ಲವೂ ನಿದ್ದೆಯಲ್ಲೇ ಕಳೆದುಹೋಗುತ್ತವೆ. ಹಗಲಿನಲ್ಲಿ ಕಾರು ತೆಗೆದುಕೊಂಡು ಹೊರಟವರಿಗೆ ಮಾತ್ರ ಆ ಮಧ್ಯದ ನಾಡು ಕಾಣಸಿಗುವುದು. ಅದಕ್ಕೆ ನಾನು ಮೊದಲು ಹೇಳುವ ದಾರಿ ಉಡುಪಿ, ಆಗುಂಬೆ, ಶಿವಮೊಗ್ಗ, ಚಿತ್ರದುರ್ಗ, ಹೊಸಪೇಟೆ. ವಾಪಸು ಬರುವಾಗ ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಹತ್ತಿದ ಘಾಟಿಯಲ್ಲೇ ಇಳಿಯಬಾರದು. ಸುತ್ತು ಸ್ವಲ್ಪ ಜಾಸ್ತಿಯಾದರೂ ನೋಡಿದ್ದನ್ನೇ ನೋಡುವ ಬೇಸರ ಇರುವುದಿಲ್ಲ.

ಒಟ್ಟು ದೂರ ಸುಮಾರು 850ರಿಂದ 900 ಕಿ.ಮೀ. ನಾಲ್ಕು ದಿನ ಬೇಕು, ಐದಾದರೆ ಇನ್ನೂ ಒಳ್ಳೆಯದು. ಘಾಟಿ ಮತ್ತು ಮಲೆನಾಡಿನಲ್ಲಿ ಗಂಟೆಗೆ 35 ಕಿ.ಮೀ.ಗಿಂತ ಹೆಚ್ಚು ಲೆಕ್ಕ ಹಾಕಬೇಡಿ. ಮ್ಯಾಪ್ ತೋರಿಸುವ ಸಮಯಕ್ಕೆ ಕಾಲುಭಾಗ ಸೇರಿಸಿದರೆ ಸರಿಯಾಗುತ್ತದೆ. ಮೊದಲ ದಿನವೇ ಹೊಸಪೇಟೆ ಮುಟ್ಟುವ ಹಟ ಬೇಡ. ಚಿತ್ರದುರ್ಗದಲ್ಲಿ ಉಳಿದರೆ 250 ಕಿ.ಮೀ. ಆಗುತ್ತದೆ, ಒಂದು ದಿನಕ್ಕೆ ಅಷ್ಟು ಸಾಕು. ಮರುದಿನ ಬಿಸಿಲೇರುವ ಮೊದಲೇ ಕೋಟೆ ಹತ್ತಿ ಇಳಿಯಬಹುದು.

ಹೊರಡುವ ವಾರ ಗ್ಯಾರೇಜಿನಲ್ಲಿ ಎಲ್ಲರೂ ಎಂಜಿನ್ ಆಯಿಲ್ ಕೇಳುತ್ತಾರೆ, ಬ್ರೇಕ್ ಆಯಿಲ್ ಮರೆಯುತ್ತಾರೆ. ನಮ್ಮ ಊರಿನ ಕಾರುಗಳಿಗೆ ಇದೇ ಮುಖ್ಯ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ತೇವ ಕುಡಿದ ಮೇಲೆ ಆ ಮಿತಿ 155ರ ಹತ್ತಿರಕ್ಕೆ ಇಳಿಯಬಹುದು. ಮಲ್ಪೆಯಿಂದ ಮಣಿಪಾಲಕ್ಕೆ ಓಡಾಡುವಾಗ ಇದು ಗೊತ್ತೇ ಆಗುವುದಿಲ್ಲ. ಘಾಟಿ ಇಳಿಯುವಾಗ ಡಿಸ್ಕ್ ಕಾದು, ಒಳಗೆ ಆಯಿಲ್ ಕುದಿದು ಆವಿ ತುಂಬಿಕೊಂಡರೆ ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಡಬ್ಬಿಯಲ್ಲಿ ಕಡಿಮೆಯಾದಷ್ಟನ್ನೇ ಮೇಲಿಂದ ತುಂಬಿಸಿದರೆ ಪ್ರಯೋಜನವಿಲ್ಲ.

ಟೈರಿನ ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ನೋಡಬೇಕು. ಎಷ್ಟಿರಬೇಕೆಂದು ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುತ್ತದೆ. ತುಂಬಾ ಜನ, ಸಾಮಾನು ಇದ್ದಾಗಿನ ಅಂಕಿ ಅಲ್ಲೇ ಬೇರೆಯಾಗಿ ಬರೆದಿರುತ್ತದೆ. ಟೈರಿನ ಗೆರೆಯ ಆಳ 1.6 ಮಿ.ಮೀ.ಗೆ ಇಳಿದರೆ ಅದರ ಆಯುಸ್ಸು ಮುಗಿದಂತೆ. ಮಳೆಯಲ್ಲಿ ಹೋಗುವವರು 3 ಮಿ.ಮೀ. ಇರುವಾಗಲೇ ಬದಲಿಸುವುದು ಒಳ್ಳೆಯದು. ಸ್ಟೆಪ್ನಿಗೂ ಗಾಳಿ ಹಾಕಿಸಿ.

ಬೆಳಿಗ್ಗೆ ಬನ್ಸ್, ಚಹಾ ಮುಗಿಸಿ ಆರೂವರೆಗೆ ಹೊರಟರೆ ಎಂಟರ ಸುಮಾರಿಗೆ ಘಾಟಿಯ ಬುಡ. ಹೊಟ್ಟೆ ಬಿರಿಯುವಷ್ಟು ತಿಂದು ಘಾಟಿ ಹತ್ತಬೇಡಿ. ವಾಂತಿಯ ಮಾತ್ರೆ ಬೇಕಾದವರು ಘಾಟಿಗೆ ಅರ್ಧ-ಒಂದು ಗಂಟೆ ಮೊದಲೇ ನುಂಗಬೇಕು. ಅದು ನಿದ್ದೆ ತರಿಸುವುದರಿಂದ ಡ್ರೈವರ್‌ಗೆ ಖಂಡಿತ ಕೊಡಬಾರದು. ಹೆಬ್ರಿಯಲ್ಲೇ ಟ್ಯಾಂಕ್ ತುಂಬಿಸಿ, ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಸೋಮೇಶ್ವರದಿಂದ ಮೇಲೆ ಕಾಡಿನಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಗೇರ್ ಇಳಿಸುವುದು ತಿರುವಿಗೆ ಮೊದಲು, ತಿರುವಿನೊಳಗೆ ಕ್ಲಚ್ ಒತ್ತಿದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಬಸ್ಸಿಗೆ ತಿರುಗಲು ರಸ್ತೆಯ ಪೂರ್ತಿ ಅಗಲ ಬೇಕು. ಎದುರಿನಿಂದ ಹಾರ್ನ್ ಕೇಳಿದರೆ ತಿರುವಿಗೆ ಒಂದಿಷ್ಟು ಹಿಂದೆಯೇ ನಿಂತು ದಾರಿ ಕೊಡಿ. ಕಿರಿದಾದ ಏರುರಸ್ತೆಯಲ್ಲಿ ಹತ್ತುವ ವಾಹನಕ್ಕೆ ಮೊದಲ ಹಕ್ಕು ಎಂಬುದು ನಿಯಮ, ಆದರೆ ಹೇರ್‌ಪಿನ್ನಿನಲ್ಲಿ ಬಸ್ಸಿನ ಜೊತೆ ಹಕ್ಕು ಸಾಧಿಸಲು ಹೋಗಬೇಡಿ. ಫೋಟೋಕ್ಕೆಂದು ತಿರುವಿನಲ್ಲಿ ನಿಲ್ಲಿಸುವುದಂತೂ ಬೇಡವೇ ಬೇಡ. ಮಂಗಗಳಿಗೆ ಬಾಳೆಹಣ್ಣು, ಚಿಪ್ಸ್ ಎಸೆಯಬೇಡಿ. ಹಾಗೆ ಎಸೆದದ್ದನ್ನು ಕಾದು ರಸ್ತೆಗೆ ಬಂದು ಕೂತ ಮಂಗಗಳೇ ಚಕ್ರದಡಿ ಸಾಯುವುದು.

ಮಂಜು ಕವಿದರೆ ಹೆಡ್‌ಲೈಟ್ ಡಿಮ್‌ನಲ್ಲಿರಲಿ. ಹೈಬೀಮ್ ಹಾಕಿದರೆ ಮಂಜಿಗೆ ಬೆಳಕು ಬಡಿದು ಕಣ್ಣಿಗೇ ವಾಪಸಾಗುತ್ತದೆ. ಗಾಜಿನ ಒಳಗೆ ಹಬೆ ಕಟ್ಟಿದರೆ ಎಸಿ ಹಾಕಿ, ಹೊರಗಿನ ಗಾಳಿ ಒಳಬರುವ ಮೋಡಿಗೆ ತಿರುಗಿಸಿ. ಹೊರಗೆ ಕಟ್ಟಿದ್ದರೆ ಎಸಿಯ ಚಳಿ ಕಡಿಮೆ ಮಾಡಿ ವೈಪರ್ ಹಾಕಿ. ಇವೆರಡನ್ನು ಅದಲುಬದಲು ಮಾಡುವವರೇ ಹೆಚ್ಚು.

ಆಗುಂಬೆಯ ನೆತ್ತಿ ಒಂದು ಗಡಿ. ಪಶ್ಚಿಮಕ್ಕೆ ಬಿದ್ದ ಮಳೆ ಸೀತಾನದಿ ಸೇರಿ ನಮ್ಮ ಸಮುದ್ರಕ್ಕೆ ಬರುತ್ತದೆ. ಪೂರ್ವಕ್ಕೆ ಬಿದ್ದದ್ದು ತುಂಗೆ ಸೇರಿ, ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಗೆ ಹೋಗುತ್ತದೆ. ತೀರ್ಥಹಳ್ಳಿಯಲ್ಲಿ ತುಂಗೆಯನ್ನು ದಾಟಿದ ಮೇಲೆ ಅವಳ ಗುರುತು ಬಿಡಬೇಡಿ. ಮಂಡಗದ್ದೆಯಲ್ಲಿ ರಸ್ತೆಯ ಪಕ್ಕದಲ್ಲೇ ಹೊಳೆ, ಮಳೆಗಾಲದಲ್ಲಿ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿಗಳ ಗೂಡು. ಮುಂದೆ ಗಾಜನೂರು ಅಣೆಕಟ್ಟು, ಶಿವಮೊಗ್ಗ ದಾಟಿ ಸ್ವಲ್ಪ ಒಳಗೆ ಹೋದರೆ ಕೂಡ್ಲಿಯಲ್ಲಿ ಭದ್ರೆಯ ಸಂಗಮ. ಆಮೇಲೆ ಹೊಳೆ ಒಂದು ದಿಕ್ಕು, ರಸ್ತೆ ಒಂದು ದಿಕ್ಕು. ಮತ್ತೆ ಸಿಗುವುದು ಹೊಸಪೇಟೆಯಲ್ಲಿ, ದೊಡ್ಡ ಜಲಾಶಯವಾಗಿ.

ದಾರಿಯುದ್ದಕ್ಕೂ ಮನೆಗಳ ಮಾಡು ನೋಡುತ್ತಾ ಹೋಗಿ. ಉಡುಪಿಯಲ್ಲಿ ಕಡಿದಾದ ಇಳಿಜಾರು, ಮಂಗಳೂರು ಹೆಂಚು. ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಕಾರ್ಖಾನೆಯ ವಂಶ ಅದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ಹಾಗಾಗಿ ಮಾಡು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುತ್ತದೆ, ಜಗಲಿ ನೆನೆಯದ ಹಾಗೆ. ಶಿವಮೊಗ್ಗ ದಾಟಿದಂತೆ ಇಳಿಜಾರು ಕಡಿಮೆಯಾಗುತ್ತಾ ಬರುತ್ತದೆ. ಚಿತ್ರದುರ್ಗದ ಕಡೆ ಮಳೆ 600 ಮಿ.ಮೀ. ಆಸುಪಾಸು, ಅಲ್ಲಿ ಹಳೆಯ ಮನೆಗಳದ್ದು ಸಪಾಟಾದ ಮಣ್ಣಿನ ಮಾಳಿಗೆ. ಮುರಕಲ್ಲಿನ ಗೋಡೆ ಹೋಗಿ ಬಂಡೆಯ ಗೋಡೆ ಬರುತ್ತದೆ. ಚನ್ನಗಿರಿಯವರೆಗೂ ಜೊತೆಗಿದ್ದ ಅಡಿಕೆ ಹೊಳಲ್ಕೆರೆ ದಾಟುವಾಗ ಮೆಕ್ಕೆಜೋಳ, ಶೇಂಗಾಕ್ಕೆ ಜಾಗ ಬಿಡುತ್ತದೆ. ಒಂದೇ ಹಗಲಿನಲ್ಲಿ ಇಷ್ಟನ್ನು ಕಣ್ಣಾರೆ ಕಾಣುವುದು, ನನ್ನ ಮಟ್ಟಿಗೆ, ಹಂಪಿ ತಲುಪುವುದಕ್ಕಿಂತ ದೊಡ್ಡ ಸುಖ.

ಹೋಗಲು ಅಕ್ಟೋಬರ್ ಕೊನೆ, ನವೆಂಬರ್ ಪ್ರಶಸ್ತ. ಕಾಡು ಇನ್ನೂ ಹಸಿರು, ಕರಾವಳಿಯ ಗದ್ದೆ ಹಳದಿ, ಬಯಲಿನಲ್ಲಿ ಬಿಸಿಲು ಸಹಿಸುವಷ್ಟೇ. ಮಳೆಗಾಲದಲ್ಲಿ ಹೊರಡುವವರು ಹಿಂದಿನ ರಾತ್ರಿಯೇ ಘಾಟಿಯ ಸುದ್ದಿ ವಿಚಾರಿಸಿ. 2018ರಲ್ಲಿ ಶಿರಾಡಿ, 2019ರಲ್ಲಿ ಚಾರ್ಮಾಡಿ, 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರು, ಎಲ್ಲ ಕಡೆ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ಆಗುಂಬೆ ಬಂದ್ ಆದರೆ ಸಿದ್ದಾಪುರ, ಹೊಸಂಗಡಿ ಮೇಲೆ ಬಾಳೆಬರೆ ಘಾಟಿ ಇದೆ.

ಬಯಲಿನ ನೇರ ರಸ್ತೆ ಸುಲಭ ಅನ್ನಿಸುತ್ತದೆ, ಆದರೆ ಮಧ್ಯಾಹ್ನದ ಊಟದ ಮೇಲೆ ಕಣ್ಣು ಎಳೆಯುವುದು ಅಲ್ಲೇ. ಎರಡು ಗಂಟೆಗೊಮ್ಮೆ ಕಾಲು ಗಂಟೆ ಇಳಿದು ನಡೆಯಬೇಕು. ಹಳ್ಳಿಗಳ ಹಂಪ್‌ಗಳಿಗೆ ಬಣ್ಣವೂ ಇಲ್ಲ, ಬೋರ್ಡೂ ಇಲ್ಲ. ಸುಗ್ಗಿಯಲ್ಲಿ ಒಳರಸ್ತೆಗಳ ಮೇಲೆ ಹುರುಳಿ ಹರಡಿರುತ್ತಾರೆ. ಅದರ ಮೇಲೆ ಹಾಯಿಸಬೇಡಿ. ಬಳ್ಳಿ ಆಕ್ಸಲ್‌ಗೆ ಸುತ್ತಿ, ಬಿಸಿ ಸೈಲೆನ್ಸರ್ ತಾಗಿ ಕಾರುಗಳು ಹೊತ್ತಿ ಉರಿದದ್ದಿದೆ. ಬೇರೆ ದಾರಿಯೇ ಇಲ್ಲದಿದ್ದರೆ ನಿಧಾನಕ್ಕೆ ದಾಟಿ, ತಕ್ಷಣ ನಿಲ್ಲಿಸಿ ಅಡಿಭಾಗ ನೋಡಿ, ಸಿಕ್ಕಿಕೊಂಡದ್ದನ್ನು ಎಳೆದು ತೆಗೆಯಿರಿ.

ವಾಪಸಿನಲ್ಲಿ ಕೊಪ್ಪಳ ದಾಟಿದರೆ ಎರೆಮಣ್ಣು, ಗಾಳಿಯಂತ್ರಗಳು. ಗದಗಕ್ಕೆ ಹತ್ತು-ಹನ್ನೆರಡು ಕಿ.ಮೀ. ಮೊದಲೇ ಲಕ್ಕುಂಡಿಯ ಚಾಲುಕ್ಯರ ಗುಡಿಗಳಿಗೆ ಒಂದು ಗಂಟೆ ಕೊಡಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟ ಈ ಭಾಗದಲ್ಲೇ ಆಗಲಿ. ರಾತ್ರಿ ಯಲ್ಲಾಪುರದಲ್ಲಿ ಉಳಿದು ಅರಬೈಲು ಘಾಟಿಯನ್ನು ಬೆಳಿಗ್ಗೆ ಇಳಿಯಿರಿ, ಇಲ್ಲಿ ಲಾರಿಗಳು ಸಾಲುಸಾಲು. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್, ಹೆಚ್ಚಿನ ಕಡೆ ಎರಡನೆಯದು. ಆಟೊಮ್ಯಾಟಿಕ್ ಆದರೆ ಡಿ ಬಿಟ್ಟು ಎಲ್ ಅಥವಾ ಮ್ಯಾನುವಲ್‌ಗೆ ಹಾಕಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಪೆಡಲ್ ಮೇಲೆ ಕಾಲು ಇಟ್ಟೇ ಇಳಿದರೆ ಬ್ರೇಕ್ ಬಿಸಿಯಾಗುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಜಾಗದಲ್ಲಿ ನಿಲ್ಲಿಸಿ, ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗಬಹುದು. ಪೆಡಲ್ ಮೆತ್ತಗಾದರೆ ಪದೇಪದೇ ಒತ್ತುತ್ತಾ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆಯಿರಿ.

ಅಂಕೋಲಾದಿಂದ ಉಡುಪಿಗೆ ಸುಮಾರು 185 ಕಿ.ಮೀ., ಒಂದಾದ ಮೇಲೊಂದು ಹೊಳೆ: ಗಂಗಾವಳಿ, ಅಘನಾಶಿನಿ, ಶರಾವತಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಟೋಲ್‌ಗಳಿವೆ, ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ.

ಮನೆಗೆ ಬಂದ ಎರಡು ದಿನದೊಳಗೆ ಅಡಿಭಾಗಕ್ಕೆ ಪ್ರೆಶರ್ ವಾಶ್ ಮಾಡಿಸಿ. ಎರೆಮಣ್ಣು ಚಕ್ರದ ಗೂಡಿನೊಳಗೆ ಅಂಟಿ ನಮ್ಮ ತೇವದ ಗಾಳಿಯಲ್ಲಿ ಹಾಗೇ ಕೂತರೆ ತುಕ್ಕು ಅಲ್ಲಿಂದಲೇ ಶುರು. ಸಪಾಟು ರಸ್ತೆಯಲ್ಲಿ ಸ್ಟಿಯರಿಂಗ್ ಒಂದು ಕಡೆ ಎಳೆಯುತ್ತಿದ್ದರೆ ಅಲೈನ್‌ಮೆಂಟ್ ನೋಡಿಸಿ, ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಎಂದೂ ಆಗಲೇ ಕೇಳಿಬಿಡಿ.